‘ಆಳು ಇಡುವ’ ಬೋರ್ಡ್ ಗೇಮ್ ಚೆನ್ನಾಗಿದೆಯೇ ಎಂದು ಅಳೆಯುವುದು ಹೇಗೆ? ‘ಅಗ್ರಿಕೋಲಾ’ ಆಟದ ಲೆಕ್ಕಾಚಾರ

ಬೋರ್ಡ್ ಗೇಮ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಹಾವು-ಏಣಿ, ಲೂಡೋ, ಚೌಕಾಬಾರ. ಇವುಗಳಲ್ಲಿ ದಾಳವೋ ಕವಡೆಯೋ ಎಷ್ಟು ಹೇಳಿತೋ ಅಷ್ಟು ಮನೆ ನಡೆಯಬೇಕು. ಗೆದ್ದವರು ‘ಗರ ಚೆನ್ನಾಗಿ ಬಿತ್ತು’ ಎನ್ನುತ್ತಾರೆ, ಸೋತವರು ‘ಗರವೇ ಬೀಳಲಿಲ್ಲ’ ಎನ್ನುತ್ತಾರೆ. ಆಟದ ಬಗ್ಗೆ ಅದಕ್ಕಿಂತ ಹೆಚ್ಚು ವಿಚಾರ ಮಾಡುವ ಅಗತ್ಯ ಬರುವುದು ಕಡಿಮೆ.

ಆದರೆ ಕಳೆದ ಎರಡು ದಶಕಗಳಲ್ಲಿ ಬೇರೊಂದು ಬಗೆಯ ಆಟಗಳು ಜಗತ್ತಿನಾದ್ಯಂತ ಜನಪ್ರಿಯವಾಗಿವೆ. ಅವುಗಳನ್ನು ‘ವರ್ಕರ್ ಪ್ಲೇಸ್‌ಮೆಂಟ್’ ಆಟಗಳು ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಆಳು ಇಡುವ’ ಆಟಗಳು. ಪೆಟ್ಟಿಗೆಯೊಂದಕ್ಕೆ ಸಾವಿರಾರು ರೂಪಾಯಿ ಬೆಲೆ. ನಿಯಮ ಕಲಿಯಲು ಅರ್ಧ ಗಂಟೆ, ಆಡಲು ಒಂದು ಇಡೀ ಸಂಜೆ. ಇಷ್ಟೆಲ್ಲಾ ಖರ್ಚು ಮಾಡಿ ಮೊದಲ ಸಲ ಆಡಿದವರು ಕೊನೆಗೆ ಅಂಕ ಎಣಿಸಿದಾಗ ಸೊನ್ನೆಯ ಆಸುಪಾಸಿನಲ್ಲೇ ನಿಂತು, ‘ಇದೆಂಥಾ ಆಟ!’ ಎಂದು ಪೆಟ್ಟಿಗೆ ಮುಚ್ಚಿಡುವುದೂ ಉಂಟು.

ಹಾಗಾದರೆ ಇಂಥ ಆಟವೊಂದು ನಿಜಕ್ಕೂ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅಂದವಾದ ಚಿತ್ರ, ಮರದ ಪುಟ್ಟ ಕುರಿ-ದನಗಳನ್ನು ನೋಡಿಯೇ? ಮೊದಲ ಆಟದಲ್ಲಿ ಗೆದ್ದೆವೋ ಸೋತೆವೋ ಎಂಬುದರಿಂದಲೇ? ಇವೆರಡಕ್ಕಿಂತ ನಂಬಬಹುದಾದ ದಾರಿಯೊಂದಿದೆ: ಎಣಿಸಿ ನೋಡುವುದು. ಈ ಬಗೆಯ ಆಟಗಳಲ್ಲಿ ಬಹಳ ಹೆಸರು ಮಾಡಿರುವ ‘ಅಗ್ರಿಕೋಲಾ’ವನ್ನು ಉದಾಹರಣೆಯಾಗಿ ಇಟ್ಟುಕೊಂಡು ಅದನ್ನು ತಿಳಿದುಕೊಳ್ಳೋಣ ಬನ್ನಿ.

‘ಆಳು ಇಡುವ’ ಆಟ ಎಂದರೇನು?

ಈ ಆಟಗಳಲ್ಲಿ ಪ್ರತಿಯೊಬ್ಬರ ಬಳಿಯೂ ಕೆಲವು ಆಳುಗಳಿರುತ್ತವೆ. ಆಳು ಎಂದರೆ ಮರದ ಒಂದು ಚಿಕ್ಕ ಬಿಲ್ಲೆ ಅಥವಾ ಬೊಂಬೆ. ಮೇಜಿನ ನಡುವೆ ಇರುವ ಹಲಗೆಯ ಮೇಲೆ ‘ಮರ ತರು’, ‘ಹೊಲ ಉಳು’, ‘ಮನೆ ಕಟ್ಟು’ ಎಂಬಂಥ ಕೆಲಸದ ಜಾಗಗಳಿರುತ್ತವೆ. ಸರದಿ ಬಂದಾಗ ಒಂದು ಆಳನ್ನು ಒಂದು ಜಾಗದಲ್ಲಿ ಇಟ್ಟು ಆ ಕೆಲಸ ಮಾಡಬೇಕು. ಮುಖ್ಯ ನಿಯಮ ಇಷ್ಟೇ: ಒಬ್ಬರು ಆಳು ಇಟ್ಟ ಜಾಗದಲ್ಲಿ ಆ ಸುತ್ತು ಮುಗಿಯುವವರೆಗೆ ಬೇರೆ ಯಾರೂ ಇಡುವಂತಿಲ್ಲ. ಎಲ್ಲರ ಆಳುಗಳೂ ಮುಗಿದ ಮೇಲೆ ಅವುಗಳನ್ನು ಹಿಂದಕ್ಕೆ ತೆಗೆದುಕೊಂಡು ಮುಂದಿನ ಸುತ್ತು ಶುರು ಮಾಡಬೇಕು.

ಈ ಬಗೆಯ ಮೊದಲ ಆಟಗಳಲ್ಲಿ ಒಂದೆಂದು ಇಂಗ್ಲೆಂಡಿನ ರಿಚರ್ಡ್ ಬ್ರೀಸ್ 1998ರಲ್ಲಿ ಹೊರತಂದ ‘ಕೀಡಮ್’ ಆಟವನ್ನು ಹೇಳುತ್ತಾರೆ. ಆದರೆ ಈ ವಿಧಾನಕ್ಕೆ ದೊಡ್ಡ ಹೆಸರು ತಂದದ್ದು 2005ರಲ್ಲಿ ಬಂದ ವಿಲಿಯಂ ಅಟಿಯಾ ಅವರ ‘ಕೇಲಸ್’. ಅದಾದ ಎರಡು ವರ್ಷಕ್ಕೆ, 2007ರಲ್ಲಿ, ಜರ್ಮನಿಯ ಊವ್ ರೋಸೆನ್‌ಬರ್ಗ್ ‘ಅಗ್ರಿಕೋಲಾ’ ರಚಿಸಿದರು. ಲ್ಯಾಟಿನ್ ಭಾಷೆಯಲ್ಲಿ ಈ ಪದಕ್ಕೆ ‘ರೈತ’ ಎಂದರ್ಥ. 2008ರಲ್ಲಿ ಜರ್ಮನಿಯ ‘ಶ್ಪೀಲ್ ಡೆಸ್ ಯಾರೆಸ್’ ತೀರ್ಪುಗಾರರು ‘ಸಂಕೀರ್ಣ ಆಟ’ ಎಂಬ ವಿಶೇಷ ಪ್ರಶಸ್ತಿಯನ್ನು ಇದಕ್ಕೆ ಕೊಟ್ಟರು. 2016ರಲ್ಲಿ ಪರಿಷ್ಕೃತ ಆವೃತ್ತಿ ಬಂತು.

ಅಗ್ರಿಕೋಲಾದ ಕಥೆ ಏನು?

ಕಾಲ ಸುಮಾರು 1670, ಸ್ಥಳ ಮಧ್ಯ ಯುರೋಪ್. ಪ್ಲೇಗಿನ ಹಾವಳಿ ಮುಗಿದು ಜನ ಮತ್ತೆ ಬೇಸಾಯಕ್ಕೆ ಇಳಿದಿದ್ದಾರೆ. ಪ್ರತಿ ಆಟಗಾರರಿಗೂ 15 ಚೌಕಗಳ ಒಂದು ಜಮೀನು, ಅದರಲ್ಲಿ ಎರಡು ಕೋಣೆಯ ಮರದ ಮನೆ, ಮನೆಯಲ್ಲಿ ಇಬ್ಬರು. ಈ ಇಬ್ಬರೇ ನಿಮ್ಮ ಆಳುಗಳು. ಆಟ 14 ಸುತ್ತು ನಡೆಯುತ್ತದೆ. ಅಷ್ಟರಲ್ಲಿ ಹೊಲ ಉಳಬೇಕು, ಬೇಲಿ ಹಾಕಬೇಕು, ಕುರಿ, ಕಾಡುಹಂದಿ, ದನ ಸಾಕಬೇಕು, ಮನೆ ಹಿಗ್ಗಿಸಬೇಕು, ಸಂಸಾರ ಬೆಳೆಸಬೇಕು. ಸಂಸಾರ ಹೆಚ್ಚೆಂದರೆ ಐದು ಜನರವರೆಗೆ ಬೆಳೆಯಬಹುದು.

ಜೊತೆಗೆ ಎಲ್ಲರಿಗೂ ಊಟ ಹಾಕಬೇಕು. 4, 7, 9, 11, 13 ಮತ್ತು 14ನೇ ಸುತ್ತುಗಳ ಕೊನೆಯಲ್ಲಿ ಒಟ್ಟು ಆರು ಸುಗ್ಗಿಗಳು ಬರುತ್ತವೆ. ಪ್ರತಿ ಸುಗ್ಗಿಯಲ್ಲೂ ತಲಾ 2 ಆಹಾರ ಕೊಡಬೇಕು. ಅದೇ ಸುತ್ತಿನಲ್ಲಿ ಹುಟ್ಟಿದ ಮಗುವಿಗಾದರೆ 1 ಸಾಕು. ಕೊಡಲಾಗದಿದ್ದರೆ ಕಡಿಮೆ ಬಿದ್ದ ಪ್ರತಿ ಆಹಾರಕ್ಕೂ ಒಂದು ‘ಭಿಕ್ಷೆ’ ಕಾರ್ಡ್ ಬರುತ್ತದೆ. ಒಂದೊಂದು ಭಿಕ್ಷೆ ಕಾರ್ಡಿಗೂ ಕೊನೆಯಲ್ಲಿ 3 ಅಂಕ ಕಳೆಯುತ್ತಾರೆ.

ಈಗ ಪರೀಕ್ಷೆಗೆ ಬರೋಣ. ಆಳು ಇಡುವ ಯಾವುದೇ ಆಟವನ್ನು ಆರು ಪ್ರಶ್ನೆಗಳಿಂದ ಅಳೆಯಬಹುದು.

ಪ್ರಶ್ನೆ 1: ಕೆಲಸಗಳು ಎಷ್ಟು, ಅಗತ್ಯಗಳು ಎಷ್ಟು?

ಇಬ್ಬರೇ ಆಳುಗಳೊಂದಿಗೆ ಆಟ ಪೂರ್ತಿ ಕಳೆದರೆ ನಿಮಗೆ ಸಿಗುವುದು 14 × 2 = 28 ಕೆಲಸಗಳು. ಆರು ಸುಗ್ಗಿಗಳಿಗೆ ಬೇಕಾದ ಆಹಾರ 6 × 4 = 24. ಹಲಗೆಯ ಮೇಲೆ ‘ಕೂಲಿ’ ಎಂಬ ಜಾಗವಿದೆ, ಅಲ್ಲಿ ಆಳು ಇಟ್ಟರೆ 2 ಆಹಾರ ಸಿಗುತ್ತದೆ. ಆರಂಭದಲ್ಲಿ ಕೊಡುವ 2 ಅಥವಾ 3 ಆಹಾರವನ್ನು ಬದಿಗಿಟ್ಟು ನೋಡಿದರೆ, ಬರೀ ಕೂಲಿ ಮಾಡಿಯೇ ಹೊಟ್ಟೆ ತುಂಬಿಸಲು 12 ಕೆಲಸ ಬೇಕು. ಅಂದರೆ 28ರಲ್ಲಿ 12 ಊಟಕ್ಕೇ ಹೋಯಿತು, ಉಳಿದದ್ದು 16. ಅಷ್ಟರಲ್ಲೇ ಹೊಲ, ಬೇಲಿ, ಮನೆ, ದನ ಎಲ್ಲವೂ ಆಗಬೇಕು.

ಸುಗ್ಗಿಗಳ ನಡುವಿನ ಅಂತರವನ್ನೂ ಗಮನಿಸಿ. ಮೊದಲನೆಯದಕ್ಕೆ 4 ಸುತ್ತು, ಎರಡನೆಯದಕ್ಕೆ 3, ಆಮೇಲೆ ಮೂರು ಸಲ 2, ಕೊನೆಗೆ 1. ಸಂಸಾರ ದೊಡ್ಡದಾಗುತ್ತಾ ಹೋದಂತೆ ಊಟದ ಹೊತ್ತೂ ಹತ್ತಿರವಾಗುತ್ತಾ ಬರುತ್ತದೆ. ಈ ಆಟದ ಒತ್ತಡಕ್ಕೆ ಕಾರಣ ಇದೇ.

ಇದು ಒಳ್ಳೆಯ ಲಕ್ಷಣವೇ? ಆಳು ಇಡುವ ಆಟದಲ್ಲಿ ಹೌದು. ಬೇಕಾದ್ದೆಲ್ಲವನ್ನೂ ಮಾಡಲು ಸಮಯವಿದ್ದರೆ ಯಾವುದನ್ನು ಮೊದಲು ಮಾಡಬೇಕು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಅರ್ಥಶಾಸ್ತ್ರದಲ್ಲಿ ‘ಅವಕಾಶ ವೆಚ್ಚ’ ಎಂಬ ಮಾತಿದೆ: ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಇನ್ನೊಂದರ ಬೆಲೆ. ಅಗ್ರಿಕೋಲಾದಲ್ಲಿ ಪ್ರತಿ ಸರದಿಯಲ್ಲೂ ಈ ಬೆಲೆ ಕಣ್ಣಿಗೆ ಕಾಣುತ್ತದೆ. ಮರ ತಂದರೆ ಮನೆ ಕಟ್ಟಬಹುದು, ಆದರೆ ಆ ಹೊತ್ತಿಗೆ ಮೀನು ಬೇರೆಯವರ ಪಾಲಾಗಿರುತ್ತದೆ.

ಪ್ರಶ್ನೆ 2: ಆಳು ಹೆಚ್ಚಿಸಿದರೆ ಲಾಭ ತಾನಾಗಿಯೇ ಬರುತ್ತದೆಯೇ?

ಅನೇಕ ಆಟಗಳ ದೌರ್ಬಲ್ಯ ಇರುವುದು ಇಲ್ಲಿ. ಹೊಸ ಆಳು ಪಡೆಯುವುದು ಯಾವಾಗಲೂ ಲಾಭದಾಯಕವಾದರೆ ಎಲ್ಲರೂ ಮೊದಲು ಅದನ್ನೇ ಮಾಡುತ್ತಾರೆ, ಮೊದಲು ಪಡೆದವರೇ ಗೆಲ್ಲುತ್ತಾರೆ. ಆಗ ಆಟದ ಉಳಿದ ಭಾಗ ಬರೀ ಔಪಚಾರಿಕ. ಅಗ್ರಿಕೋಲಾದಲ್ಲಿ ಹೀಗಿದೆಯೇ? ಲೆಕ್ಕ ಹಾಕೋಣ.

ಮೂರನೇ ಆಳು ಬೇಕೆಂದರೆ ಮೊದಲು ಮೂರನೇ ಕೋಣೆ ಬೇಕು. ಅದಕ್ಕೆ 5 ಮರ, 2 ಜೊಂಡು. ಕಾಡಿನ ಜಾಗದಲ್ಲಿ ಸುತ್ತಿಗೆ 3 ಮರ, ಜೊಂಡಿನ ಜಾಗದಲ್ಲಿ ಸುತ್ತಿಗೆ 1 ಜೊಂಡು ಸೇರುತ್ತಾ ಹೋಗುತ್ತದೆ. ಎರಡು ಸುತ್ತು ಯಾರೂ ಮುಟ್ಟದಿದ್ದರೆ ಒಂದು ಕೆಲಸದಲ್ಲಿ 6 ಮರ, ಇನ್ನೊಂದರಲ್ಲಿ 2 ಜೊಂಡು ಸಿಗುತ್ತವೆ. ಕೋಣೆ ಕಟ್ಟಲು ಒಂದು ಕೆಲಸ, ‘ಸಂಸಾರ ಬೆಳೆಸುವ’ ಜಾಗಕ್ಕೆ ಒಂದು ಕೆಲಸ. ಎಲ್ಲವೂ ಅಂದುಕೊಂಡಂತೆ ನಡೆದರೂ ಒಟ್ಟು 4 ಕೆಲಸ ಖರ್ಚು.

ಸಂಸಾರ ಬೆಳೆಸುವ ಜಾಗ ತೆರೆದುಕೊಳ್ಳುವುದು 5ರಿಂದ 7ನೇ ಸುತ್ತಿನೊಳಗೆ. 5ನೇ ಸುತ್ತಿನಲ್ಲೇ ಮಗು ಹುಟ್ಟಿತು ಎಂದುಕೊಳ್ಳಿ. ಅದು 6ನೇ ಸುತ್ತಿನಿಂದ ಕೆಲಸಕ್ಕೆ ಬರುತ್ತದೆ, ಅಂದರೆ 9 ಕೆಲಸ ಲಾಭ. ಆದರೆ ಮುಂದಿನ ಐದು ಸುಗ್ಗಿಗಳಲ್ಲಿ ಅದಕ್ಕೂ ತಲಾ 2ರಂತೆ 10 ಆಹಾರ ಬೇಕು. ಕೂಲಿಯಿಂದಲೇ ಅದನ್ನು ಗಳಿಸಿದರೆ 5 ಕೆಲಸ. ಈಗ ಕೂಡಿ ಕಳೆಯಿರಿ: 9 − 4 − 5 = 0.

ಅಂದರೆ ಬರೀ ಕೂಲಿಯನ್ನು ನಂಬಿದ ಸಂಸಾರಕ್ಕೆ ಮೂರನೇ ಆಳಿನಿಂದ ಕೆಲಸದ ಲೆಕ್ಕದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕೊನೆಯಲ್ಲಿ ಒಬ್ಬ ಮನುಷ್ಯನಿಗೆ ಸಿಗುವ 3 ಅಂಕ, ಕೋಣೆಯಿಂದ ತುಂಬಿದ ಒಂದು ಚೌಕ, ಇಷ್ಟೇ ಉಳಿಯುವುದು. ಅದೇ ಜಾಗ 7ನೇ ಸುತ್ತಿನಲ್ಲಿ ತೆರೆದುಕೊಂಡರೆ ಮಗುವಿಗೆ 7 ಕೆಲಸ ಮಾತ್ರ ಸಿಗುತ್ತದೆ, ಊಟಕ್ಕೆ 9 ಆಹಾರ ಬೇಕು. ಆಗ ಕೂಲಿಯ ಲೆಕ್ಕದಲ್ಲಿ ನಷ್ಟವೇ.

ಸಂಸಾರ ಬೆಳೆಸುವುದು ಲಾಭವಾಗಬೇಕಾದರೆ ಕೂಲಿಗಿಂತ ಅಗ್ಗವಾಗಿ ಆಹಾರ ಗಳಿಸುವ ದಾರಿ ಮೊದಲೇ ಸಿದ್ಧವಿರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಆಟದ ನಿಯಮವನ್ನಾಗಿ ಮಾಡಿದಂತಿದೆ ಇದು. ಈ ಪ್ರಶ್ನೆಯಲ್ಲಿ ಅಗ್ರಿಕೋಲಾ ಚೆನ್ನಾಗಿಯೇ ಪಾಸಾಗುತ್ತದೆ.

ಪ್ರಶ್ನೆ 3: ಗೆಲ್ಲಲು ಒಂದಕ್ಕಿಂತ ಹೆಚ್ಚು ದಾರಿಗಳಿವೆಯೇ?

ಅಗ್ಗದ ಆಹಾರಕ್ಕೆ ಒಂದು ದಾರಿ ಒಲೆ. ಅಗ್ಗದ ಒಲೆಗೆ 2 ಜೇಡಿಮಣ್ಣು ಸಾಕು. ಮಣ್ಣು ತರಲು ಒಂದು ಕೆಲಸ, ಒಲೆ ಹಾಕಲು ಒಂದು. ಒಲೆ ಇದ್ದರೆ ಒಂದು ಕುರಿಯನ್ನು 2 ಆಹಾರವಾಗಿ ಬದಲಿಸಬಹುದು. ಕುರಿಯ ಜಾಗದಲ್ಲಿ ಸುತ್ತಿಗೊಂದು ಕುರಿ ಸೇರುತ್ತದೆ. ಮೂರು ಸೇರಿದಾಗ ಹಿಡಿದರೆ ಒಂದೇ ಕೆಲಸಕ್ಕೆ 6 ಆಹಾರ. ಕೂಲಿಯಲ್ಲಾಗಿದ್ದರೆ ಮೂರು ಕೆಲಸ ಬೇಕಿತ್ತು. ಒಂದು ಸಲ ಹೀಗಾದರೆ ಎರಡು ಕೆಲಸ ಉಳಿಯಿತು, ಒಲೆಯ ಖರ್ಚು ತೀರಿತು. ಎರಡನೇ ಸಲದಿಂದ ಪೂರ್ತಿ ಲಾಭ.

ಇನ್ನೊಂದು ದಾರಿ ಬೇಸಾಯ. ಇಲ್ಲಿ ಹೊಸಬರು ಸಾಮಾನ್ಯವಾಗಿ ಎಡವುತ್ತಾರೆ. ಇದು ರೈತರ ಆಟ, ಆದ್ದರಿಂದ ಮೊದಲು ಹೊಲ ಉಳೋಣ ಎಂದುಕೊಳ್ಳುತ್ತಾರೆ. ಧಾನ್ಯ ತರಲು ಒಂದು ಕೆಲಸ, ಉಳಲು ಒಂದು, ಬಿತ್ತಲು ಒಂದು. ಬಿತ್ತಿದ ಒಂದು ಧಾನ್ಯ ಮೂರಾಗುತ್ತದೆ, ಆದರೆ ಸುಗ್ಗಿಗೊಂದರಂತೆ ಮೂರು ಸುಗ್ಗಿಯಲ್ಲಿ ಕೈಗೆ ಬರುತ್ತದೆ. ಹಾಗೆಯೇ ತಿಂದರೆ ಒಂದು ಧಾನ್ಯಕ್ಕೆ 1 ಆಹಾರ. ಮೂರು ಕೆಲಸಕ್ಕೆ ಸಿಕ್ಕಿದ್ದು 3 ಆಹಾರ! ಅದೇ ಮೂರು ಸಲ ಕೂಲಿಗೆ ಹೋಗಿದ್ದರೆ 6 ಸಿಗುತ್ತಿತ್ತು.

ಹಾಗೆಂದು ಬೇಸಾಯ ವ್ಯರ್ಥವಲ್ಲ. ಎರಡು ಮೂರು ಹೊಲ ಉತ್ತಿಟ್ಟುಕೊಂಡು ಒಂದೇ ಕೆಲಸದಲ್ಲಿ ಎಲ್ಲದರಲ್ಲೂ ಬಿತ್ತಿದರೆ, ಬ್ರೆಡ್ ಸುಡುವ ಮಣ್ಣಿನ ಗೂಡೊಂದನ್ನು ಕಟ್ಟಿಕೊಂಡರೆ ಲೆಕ್ಕ ತಿರುಗುತ್ತದೆ. ಆ ಗೂಡಿನಲ್ಲಿ ಸುಡುವ ಕೆಲಸಕ್ಕೊಮ್ಮೆ ಒಂದು ಧಾನ್ಯ 5 ಆಹಾರವಾಗುತ್ತದೆ. ಜೊತೆಗೆ ಹೊಲಕ್ಕೂ ಧಾನ್ಯಕ್ಕೂ ಕೊನೆಯಲ್ಲಿ ಅಂಕವಿದೆ. ಒಲೆ ಬೇಗ ಫಲ ಕೊಡುತ್ತದೆ, ಬೇಸಾಯ ನಿಧಾನವಾಗಿ ಕೊಡುತ್ತದೆ. ಎರಡೂ ನಡೆಯುವ ದಾರಿಗಳೇ. ಯಾವುದು ಸರಿ ಎಂಬುದು ಆ ಹೊತ್ತಿಗೆ ಉಳಿದವರು ಏನು ಮಾಡುತ್ತಿದ್ದಾರೆ ಎಂಬುದನ್ನು ಅವಲಂಬಿಸುತ್ತದೆ. ಈ ಅವಲಂಬನೆ ಇದ್ದರೆ ಮಾತ್ರ ಹತ್ತನೇ ಸಲ ಆಡಿದಾಗಲೂ ಆಟ ಹಳತೆನಿಸುವುದಿಲ್ಲ.

ಪ್ರಶ್ನೆ 4: ಇನ್ನೊಬ್ಬರ ನಡೆ ನಿಮಗೆ ಎಷ್ಟು ತಟ್ಟುತ್ತದೆ?

ಅಗ್ರಿಕೋಲಾದಲ್ಲಿ ಯಾರೂ ಯಾರ ಜಮೀನಿಗೂ ನುಗ್ಗುವಂತಿಲ್ಲ, ಯಾರ ಕುರಿಯನ್ನೂ ಕದಿಯುವಂತಿಲ್ಲ. ಹಾಗಾಗಿ ‘ಎಲ್ಲರೂ ತಂತಮ್ಮ ಹಲಗೆ ನೋಡಿಕೊಂಡು ಒಂಟಿಯಾಗಿ ಆಡುವ ಆಟ’ ಎಂಬ ದೂರು ಇದರ ಮೇಲಿದೆ. ಅದು ನಿಜವೇ? ಇದನ್ನೂ ಎಣಿಸಬಹುದು.

ಇಬ್ಬರು ಆಡುವಾಗ ಮೊದಲ ಸುತ್ತಿನಲ್ಲಿ ಒಟ್ಟು 11 ಜಾಗಗಳಿರುತ್ತವೆ, ಆಳುಗಳು 4. ನಾಲ್ವರು ಆಡುವಾಗ ಹೆಚ್ಚುವರಿ ಜಾಗಗಳು ಸೇರಿ 17 ಆಗುತ್ತವೆ, ಆಳುಗಳು 8. ಅಂದರೆ ಇಬ್ಬರಿದ್ದಾಗ ಸುಮಾರು 36% ಜಾಗ ತುಂಬುತ್ತದೆ, ನಾಲ್ವರಿದ್ದಾಗ 47%. ಪ್ರತಿ ಸುತ್ತಿಗೂ ಒಂದು ಹೊಸ ಜಾಗ ತೆರೆಯುತ್ತದೆ. ಕೊನೆಯ ಸುತ್ತಿಗೆ ಎಲ್ಲರ ಸಂಸಾರವೂ ನಾಲ್ಕಾಗಿದ್ದರೆ, ಇಬ್ಬರ ಆಟದಲ್ಲಿ 24ಕ್ಕೆ 8, ಅಂದರೆ ಮೂರನೇ ಒಂದು ಭಾಗ. ನಾಲ್ವರ ಆಟದಲ್ಲಿ 30ಕ್ಕೆ 16, ಅರ್ಧಕ್ಕಿಂತ ಹೆಚ್ಚು.

ಆದ್ದರಿಂದ ಒಂಟಿ ಆಟ ಎಂಬ ದೂರಿಗೆ ಇಬ್ಬರು ಆಡುವಾಗ ಸ್ವಲ್ಪ ಆಧಾರವಿದೆ, ನಾಲ್ವರಿದ್ದಾಗ ಅದು ನಿಲ್ಲುವುದಿಲ್ಲ. ಅದರಲ್ಲೂ ಸಂಸಾರ ಬೆಳೆಸುವ ಜಾಗ ಇರುವುದು ಒಂದೇ, ಎರಡನೆಯದು ತೆರೆಯುವುದು 12 ಅಥವಾ 13ನೇ ಸುತ್ತಿನಲ್ಲಿ. ನಾಲ್ವರೂ ಕೋಣೆ ಕಟ್ಟಿಕೊಂಡು ಕಾಯುತ್ತಿದ್ದರೆ ಸುತ್ತಿಗೊಬ್ಬರಿಗೆ ಮಾತ್ರ ಅವಕಾಶ. ಮೇಲೆ ಹೇಳಿದ ಒಲೆಯ ಲೆಕ್ಕವೂ ಅಷ್ಟೇ. ಮೂವರ ಮನೆಯಲ್ಲೂ ಒಲೆ ಇದ್ದರೆ ಮೂರು ಕುರಿ ಸೇರುವವರೆಗೆ ಯಾರೂ ಬಿಡುವುದಿಲ್ಲ, ಎರಡಾದಾಗಲೇ ಒಬ್ಬರು ಹಿಡಿದುಬಿಡುತ್ತಾರೆ.

ಮೊದಲ ಸರದಿಯ ವಿಷಯ ಇನ್ನೂ ಸ್ವಾರಸ್ಯಕರ. ಅದು ಸುತ್ತಿನಿಂದ ಸುತ್ತಿಗೆ ತಾನಾಗಿ ಮುಂದಿನವರಿಗೆ ಹೋಗುವುದಿಲ್ಲ. ಅದನ್ನು ಪಡೆಯಲು ಒಂದು ಕೆಲಸ ಖರ್ಚು ಮಾಡಬೇಕು. ‘ಮುಂದಿನ ಸುತ್ತಿನಲ್ಲಿ ಆ ಜಾಗ ನನಗೇ ಬೇಕು’ ಎನ್ನುವುದಕ್ಕೆ ಈ ಸುತ್ತಿನ ಒಂದು ಕೆಲಸ ಬೆಲೆ.

ಪ್ರಶ್ನೆ 5: ಅದೃಷ್ಟ ಎಲ್ಲಿದೆ, ಎಷ್ಟಿದೆ?

ಈ ಆಟದಲ್ಲಿ ದಾಳ ಇಲ್ಲ. ಆದರೆ ಅದೃಷ್ಟವೇ ಇಲ್ಲ ಎನ್ನುವಂತಿಲ್ಲ. ಅದು ಎರಡು ಕಡೆ ಅಡಗಿದೆ.

ಮೊದಲನೆಯದು ಹೊಸ ಜಾಗಗಳು ತೆರೆಯುವ ಅನುಕ್ರಮ. 14 ಸುತ್ತುಗಳನ್ನು ಆರು ಹಂತಗಳಾಗಿ ಮಾಡಿ, ಒಂದೊಂದು ಹಂತದೊಳಗೆ ಕಾರ್ಡುಗಳನ್ನು ಕಲೆಸಿಡುತ್ತಾರೆ. ಯಾವ ಜಾಗ ಯಾವ ಹಂತದಲ್ಲಿ ಬರುತ್ತದೆ ಎಂಬುದು ಗೊತ್ತು, ಯಾವ ಸುತ್ತಿನಲ್ಲಿ ಎಂಬುದು ಗೊತ್ತಿಲ್ಲ. ಈ ಅದೃಷ್ಟ ಎಲ್ಲರಿಗೂ ಒಂದೇ, ನಮ್ಮ ಮಳೆಯ ಹಾಗೆ. ಮಳೆ ತಡವಾದರೆ ಊರಿಗೆಲ್ಲ ತಡ. ಮುಂಜಾಗ್ರತೆ ಮಾಡಿದವರು ಉಳಿದುಕೊಳ್ಳುತ್ತಾರೆ. ಇದನ್ನು ಆಟದ ದೋಷ ಎನ್ನಲಾಗದು.

ಎರಡನೆಯದು ಕೈಗೆ ಬರುವ ಕಾರ್ಡುಗಳು. ಪ್ರತಿಯೊಬ್ಬರಿಗೂ 7 ‘ಕಸುಬು’ ಕಾರ್ಡು, 7 ‘ಸಣ್ಣ ಸುಧಾರಣೆ’ ಕಾರ್ಡು ಹಂಚುತ್ತಾರೆ. ಮೂಲ ಆವೃತ್ತಿಯಲ್ಲಿ ಇಂಥ ಕಾರ್ಡುಗಳು 300ಕ್ಕೂ ಹೆಚ್ಚು ಇದ್ದವು. ಹೀಗಾಗಿ ಪ್ರತಿ ಆಟವೂ ಬೇರೆಯೇ ಆಗುತ್ತದೆ, ಅದು ಲಾಭ. ಆದರೆ ಎಲ್ಲ ಕಾರ್ಡುಗಳ ಶಕ್ತಿಯೂ ಸಮನಲ್ಲ. ಒಬ್ಬರ ಕೈಯಲ್ಲಿ ಒಂದಕ್ಕೊಂದು ಹೊಂದುವ ಕಾರ್ಡುಗಳು, ಇನ್ನೊಬ್ಬರ ಕೈಯಲ್ಲಿ ಹೊಂದದ ಕಾರ್ಡುಗಳು ಬರಬಹುದು. ಇದು ಒಬ್ಬರಿಗೆ ಮಾತ್ರ ಒಲಿಯುವ ಅದೃಷ್ಟ, ಹಾಗಾಗಿ ನಿಜವಾದ ಕೊರತೆ. ಅನುಭವಿಗಳು ಇದಕ್ಕೊಂದು ಉಪಾಯ ಮಾಡುತ್ತಾರೆ: ಹಂಚಿದ ಕಾರ್ಡುಗಳಲ್ಲಿ ಒಂದನ್ನು ಆರಿಸಿಕೊಂಡು ಉಳಿದವನ್ನು ಪಕ್ಕದವರಿಗೆ ದಾಟಿಸುವುದು, ಮತ್ತೆ ಒಂದನ್ನು ಆರಿಸುವುದು. ಆಗ ಒಳ್ಳೆಯ ಕಾರ್ಡು ಎಲ್ಲರ ಕಣ್ಣಿಗೂ ಬೀಳುತ್ತದೆ.

ಪ್ರಶ್ನೆ 6: ಅಂಕ ಎಣಿಸುವ ವಿಧಾನ ಯಾವ ಆಟವನ್ನು ಪ್ರೋತ್ಸಾಹಿಸುತ್ತದೆ?

ಅಗ್ರಿಕೋಲಾದಲ್ಲಿ ಹೊಲ, ಹುಲ್ಲುಗಾವಲು, ಧಾನ್ಯ, ತರಕಾರಿ, ಕುರಿ, ಕಾಡುಹಂದಿ, ದನ ಹೀಗೆ ಏಳು ಬಾಬತ್ತುಗಳಿವೆ. ಯಾವುದರಲ್ಲಾದರೂ ಏನೂ ಇಲ್ಲದಿದ್ದರೆ −1, ಅತಿ ಹೆಚ್ಚೆಂದರೆ 4. ಜಮೀನಿನಲ್ಲಿ ಖಾಲಿ ಬಿಟ್ಟ ಪ್ರತಿ ಚೌಕಕ್ಕೂ −1.

ಇದರ ಪರಿಣಾಮ ನೋಡಿ. ಹೇಗೋ ಎಲ್ಲರಿಗೂ ಊಟ ಹಾಕಿ, ಜಮೀನಿನಲ್ಲಿ ಮಾತ್ರ ಏನೂ ಮಾಡದೆ ಕೂತರೆ ಎಷ್ಟು ಅಂಕ? ಏಳು ಬಾಬತ್ತಿಗೆ −7, ಖಾಲಿ ಬಿದ್ದ 13 ಚೌಕಕ್ಕೆ −13, ಇಬ್ಬರು ಮನುಷ್ಯರಿಗೆ +6. ಒಟ್ಟು −14. ಅಂದರೆ ಆಟ ಶುರುವಾಗುವಾಗಲೇ ನೀವು 14 ಅಂಕದ ಗುಂಡಿಯಲ್ಲಿದ್ದೀರಿ. ಮೊದಲ ಸಲ ಆಡಿ 10 ಅಂಕ ಗಳಿಸಿದವರು ‘ಹತ್ತೇ ಬಂತು’ ಎಂದು ಬೇಸರಪಡುತ್ತಾರೆ. ವಾಸ್ತವದಲ್ಲಿ ಅವರು 24 ಅಂಕದಷ್ಟು ದುಡಿದಿದ್ದಾರೆ!

ಇನ್ನೊಂದು ವಿಷಯ. ಮೊದಲ ತರಕಾರಿ −1ನ್ನು +1 ಮಾಡುತ್ತದೆ, ಅದರ ಬೆಲೆ 2 ಅಂಕ. ಎರಡನೇ ಮತ್ತು ಮೂರನೇ ಕುರಿಗಳ ಬೆಲೆ ಸೊನ್ನೆ, ಏಕೆಂದರೆ 1ರಿಂದ 3 ಕುರಿಗೆ ಒಂದೇ ಅಂಕ. ಒಂದರಲ್ಲೇ ನಿಷ್ಣಾತರಾಗುವುದಕ್ಕಿಂತ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಮಾಡುವವರಿಗೆ ಲಾಭ. ಕೆಲವರಿಗೆ ಇದು ಇಷ್ಟ: ಕೊನೆಗೆ ಕಣ್ಣ ಮುಂದೆ ತುಂಬಿದ ಜಮೀನು ಇರುತ್ತದೆ. ಕೆಲವರಿಗೆ ಇಷ್ಟವಿಲ್ಲ: ‘ನಾನು ಬರೀ ದನ ಸಾಕುತ್ತೇನೆ’ ಎನ್ನುವ ಸ್ವಾತಂತ್ರ್ಯ ಇಲ್ಲ. ಎರಡೂ ಅಭಿಪ್ರಾಯಗಳಿಗೆ ಆಧಾರ ಇದೇ ಕೋಷ್ಟಕ.

ಹಸಿವಿನ ಬೆಲೆಯನ್ನೂ ಇಲ್ಲಿಯೇ ಹೋಲಿಸಿ. ಒಬ್ಬ ಮನುಷ್ಯನಿಗೆ +3, ಒಂದು ಭಿಕ್ಷೆ ಕಾರ್ಡಿಗೆ −3. ಸುಗ್ಗಿಯಲ್ಲಿ 2 ಆಹಾರ ಕಡಿಮೆ ಬಿದ್ದರೆ 6 ಅಂಕ ಹೋಯಿತು. ಆ ಗಳಿಗೆಯಲ್ಲಿ ಯಾರೂ ಕಣ್ಣೆತ್ತಿ ನೋಡದ ಕೂಲಿಯ ಜಾಗವೇ ಹಲಗೆಯ ಮೇಲಿನ ಅತಿ ಬೆಲೆಬಾಳುವ ಜಾಗ.

ಕೆಲವು ನಂಬಿಕೆಗಳು ಮತ್ತು ವಾಸ್ತವ

ನಂಬಿಕೆ: ದಾಳವಿಲ್ಲದ ಆಟದಲ್ಲಿ ಬುದ್ಧಿವಂತರೇ ಗೆಲ್ಲುತ್ತಾರೆ.
ವಾಸ್ತವ: ಹೆಚ್ಚಾಗಿ ಗೆಲ್ಲುವವರು ಅನುಭವಿಗಳು. ಯಾವ ಜಾಗ ಯಾವ ಹಂತದಲ್ಲಿ ತೆರೆಯುತ್ತದೆ ಎಂದು ಗೊತ್ತಿರುವವರಿಗೂ ಗೊತ್ತಿಲ್ಲದವರಿಗೂ ಇರುವ ಅಂತರ ದೊಡ್ಡದು. ಮೊದಲ ಸೋಲು ಬುದ್ಧಿಯ ಅಳತೆಯಲ್ಲ.

ನಂಬಿಕೆ: ಇಂಥ ಆಟ ಆಡಿದರೆ ಮಕ್ಕಳ ಬುದ್ಧಿ ಚುರುಕಾಗಿ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬರುತ್ತದೆ.
ವಾಸ್ತವ: ಒಂದು ಆಟದಲ್ಲಿ ಅಭ್ಯಾಸ ಮಾಡಿದರೆ ಆ ಆಟದಲ್ಲೂ ಅದಕ್ಕೆ ಹತ್ತಿರದ ಆಟಗಳಲ್ಲೂ ಕೈ ಪಳಗುತ್ತದೆ. ಅದು ಸಂಬಂಧವಿಲ್ಲದ ಬೇರೆ ವಿಷಯಗಳಿಗೂ ದಾಟುತ್ತದೆ ಎನ್ನುವುದಕ್ಕೆ ಸಂಶೋಧನೆಗಳಲ್ಲಿ ಸಿಗುವ ಪುರಾವೆ ದುರ್ಬಲ. ಮನೆಮಂದಿ ಒಟ್ಟಿಗೆ ಕೂತು ಆಡಿದ ಸಂತೋಷ ಸಿಗುತ್ತದೆ, ಆಡಲು ಅದೇ ಸಾಕಷ್ಟು ಕಾರಣ.

ನಂಬಿಕೆ: ನಿಯಮ ಹೆಚ್ಚಿದ್ದಷ್ಟೂ ಆಟ ಆಳವಾಗಿರುತ್ತದೆ.
ವಾಸ್ತವ: ಚದುರಂಗದ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆಯಬಹುದು. ಆಳ ಬರುವುದು ನಿರ್ಧಾರಗಳಿಂದ. ಅಗ್ರಿಕೋಲಾದ ಕಾರ್ಡುಗಳನ್ನು ಪಕ್ಕಕ್ಕಿಟ್ಟು ಆಡಿದರೂ ಮೇಲಿನ ಲೆಕ್ಕಗಳು ಯಾವುವೂ ಬದಲಾಗುವುದಿಲ್ಲ.

ನಿಮ್ಮ ಮನೆಯಲ್ಲಿ ಪರೀಕ್ಷಿಸುವುದು ಹೇಗೆ?

ಹೊಸ ಆಟವೊಂದು ಕೈಗೆ ಬಂದಾಗ ಒಂದೇ ಸಲ ಆಡಿ ತೀರ್ಪು ಕೊಡಬೇಡಿ. ಕನಿಷ್ಠ ಎರಡು ಸಲ ಆಡಿ. ಮೊದಲ ಆಟ ನಿಯಮ ಕಲಿಯಲು, ಎರಡನೆಯದು ಆಟ ನೋಡಲು. ಎರಡನೇ ಆಟದಲ್ಲಿ ಒಂದು ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಮೂರು ಗೆರೆ ಎಳೆಯಿರಿ. ‘ಏನು ಮಾಡಬೇಕೆಂದು ಯೋಚಿಸುವ ಅಗತ್ಯವೇ ಇರಲಿಲ್ಲ’ ಎನ್ನುವಂಥ ಸರದಿಗಳಿಗೆ ಮೊದಲ ಗೆರೆಯಲ್ಲಿ ಗುರುತು ಹಾಕಿ. ‘ಎರಡು ಒಳ್ಳೆಯ ಕೆಲಸಗಳಲ್ಲಿ ಒಂದನ್ನು ಬಿಡಬೇಕಾಯಿತು’ ಎನ್ನುವುದಕ್ಕೆ ಎರಡನೆಯದರಲ್ಲಿ. ‘ಬೇಕಾದ ಜಾಗವನ್ನು ಬೇರೆಯವರು ಹಿಡಿದರು, ಮಾಡಲು ಬೇರೇನೂ ಉಳಿಯಲಿಲ್ಲ’ ಎನ್ನುವುದಕ್ಕೆ ಮೂರನೆಯದರಲ್ಲಿ.

ಮೊದಲ ಗೆರೆ ತುಂಬಿದರೆ ಆಟ ಸಪ್ಪೆ. ಮೂರನೆಯದು ತುಂಬಿದರೆ ಆಟ ಕ್ರೂರ, ಅಥವಾ ನಿಮ್ಮ ಗುಂಪಿನ ಸಂಖ್ಯೆಗೆ ಹೊಂದದ್ದು. ಎರಡನೆಯದು ತುಂಬಿದರೆ ಆ ಆಟಕ್ಕೆ ಕೊಟ್ಟ ದುಡ್ಡು ದಂಡವಲ್ಲ.

ಯಾರಿಗೆ ಅಗ್ರಿಕೋಲಾ, ಯಾರಿಗೆ ಬೇಡ?

ಆಟಗಾರರೊಬ್ಬರಿಗೆ ಸುಮಾರು ಅರ್ಧ ಗಂಟೆಯಂತೆ ಸಮಯ ಹಿಡಿಯುತ್ತದೆ, ಹೊಸಬರಿದ್ದರೆ ಇನ್ನೂ ಹೆಚ್ಚು. ನಾಲ್ವರು ಕೂತರೆ ಎರಡು ಗಂಟೆ ಬೇಕೇ ಬೇಕು. ಯೋಚಿಸಿ ಆಡುವುದು, ಕೂಡಿ ಕಳೆಯುವುದು ಇಷ್ಟವಿರುವವರಿಗೆ ಇದು ಸಂಜೆಯ ಒಳ್ಳೆಯ ಜೊತೆ. ನಗುತ್ತಾ ಹರಟುತ್ತಾ ಆಡುವ ಆಟ ಬೇಕೆನ್ನುವವರಿಗೆ, ಚಿಕ್ಕ ಮಕ್ಕಳಿರುವ ಮನೆಗೆ ಇದರ ಹಸಿವಿನ ಒತ್ತಡ ಹೆಚ್ಚಾಗಬಹುದು. ಅಂಥವರು ಇದೇ ಬಗೆಯ, ಆದರೆ ದಾಳವೂ ಇರುವ, ಹಗುರವಾದ ‘ಸ್ಟೋನ್ ಏಜ್’ (2008) ಆಟದಿಂದ ಆರಂಭಿಸಬಹುದು. ಅಗ್ರಿಕೋಲಾವೇ ಬೇಕೆಂದರೆ ಮೊದಲ ಎರಡು ಮೂರು ಸಲ ಕಸುಬಿನ ಕಾರ್ಡುಗಳಿಲ್ಲದೆ ಆಡುವುದು ಒಳ್ಳೆಯದು. ಅನುಭವಿಗಳು ಹೊಸಬರ ಜೊತೆ ಕೂತಾಗ ಮೊದಲ ಸುಗ್ಗಿಗೆ ಎಷ್ಟು ಆಹಾರ ಬೇಕೆಂದು ಮುಂಚೆಯೇ ನೆನಪಿಸಿದರೆ ಆಟ ಇಬ್ಬರಿಗೂ ಹಿತವಾಗುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಆಳು ಇಡುವ ಆಟದ ಗುಣವನ್ನು ನೀವು ಮಾಡಿದ ಕೆಲಸಗಳಲ್ಲಿ ಹುಡುಕಿದರೆ ಸಿಗುವುದಿಲ್ಲ, ಮಾಡಲಾಗದೆ ಬಿಟ್ಟ ಕೆಲಸಗಳಲ್ಲಿ ಹುಡುಕಬೇಕು. ಆಟ ಮುಗಿದು ಪೆಟ್ಟಿಗೆ ಮುಚ್ಚುವಾಗ ಯಾರಾದರೂ ‘ಛೇ, ಆರನೇ ಸುತ್ತಿನಲ್ಲಿ ಜೊಂಡು ತರುವ ಬದಲು ಕುರಿ ಹಿಡಿಯಬೇಕಿತ್ತು’ ಎಂದರೆ ಆ ಆಟ ಚೆನ್ನಾಗಿದೆ ಎಂದೇ ಲೆಕ್ಕ. ಮುಂದಿನ ಭಾನುವಾರವೂ ಆ ಪೆಟ್ಟಿಗೆ ಮೇಜಿನ ಮೇಲೆ ಬರುತ್ತದೆ.